ಟಿಪ್ಸು ಯಾರ ಕಿಸೆಗೆ? ಓದುಗರ ಪ್ರಶ್ನೆ, ನಮ್ಮ ಉತ್ತರ

ಕಳೆದ ಸಂಚಿಕೆಯಲ್ಲಿ ಶಿರಸಿಯ ಓದುಗರೊಬ್ಬರು "ವಿಧಾನ ಪರಿಷತ್ತು ಇದ್ದರೆಷ್ಟು, ಬಿಟ್ಟರೆಷ್ಟು?" ಅಂತ ಕೇಳಿದ್ದರು. ಉತ್ತರ ಬರೆಯುವಾಗ ಐರ್ಲೆಂಡಿನ ಒಬ್ಬ ಸೆನೆಟರ್ ನೆನಪಾದರು. ಹೆಸರು ಇವಾನಾ ಬ್ಯಾಸಿಕ್. ವಿರೋಧ ಪಕ್ಷದಲ್ಲಿ ಕೂತು, ಮೇಲ್ಮನೆಯಲ್ಲಿ ಕೂತು, ಕೆಲಸಗಾರರಿಗಾಗಿ ಒಂದು ಪುಟ್ಟ ಕಾನೂನು ಮಾಡಿಸಿಕೊಂಡವರು. ಇಷ್ಟನ್ನು ನಾಲ್ಕು ಸಾಲಿನಲ್ಲಿ ಬರೆದು ಬಿಟ್ಟಿದ್ದೆ.

ನಾಲ್ಕು ಸಾಲು ಯಾರಿಗೂ ಸಾಕಾಗಲಿಲ್ಲ ಅಂತ ಕಾಣುತ್ತದೆ. ಕಾರವಾರದಿಂದ ಹೊನ್ನಾವರದವರೆಗೆ ಪತ್ರಗಳು ಬಂದಿವೆ, ಅರ್ಧ ಬೈಗುಳ, ಅರ್ಧ ಪ್ರಶ್ನೆ. ಹಾಗಾಗಿ ಈ ಸಲದ ಪುಟ ಪೂರ್ತಿ ಅದಕ್ಕೇ. ಅಡಿಕೆ ಕೊಳೆರೋಗದ ಬಗ್ಗೆ ಕೇಳಿದವರು ಮುಂದಿನ ಸಂಚಿಕೆವರೆಗೆ ದಯವಿಟ್ಟು ಕಾಯಬೇಕು.

ಪ್ರಶ್ನೆ: ಐರ್ಲೆಂಡ್ ಎಲ್ಲಿ, ನಮ್ಮ ಹೊನ್ನಾವರ ಎಲ್ಲಿ? ಅಲ್ಲಿಯ ಸೆನೆಟರ್ ಕಟ್ಟಿಕೊಂಡು ನಮಗೇನಾಗಬೇಕು?
(ನಿವೃತ್ತ ಮಾಸ್ತರರು, ಹೊನ್ನಾವರ)

ಉತ್ತರ: ಮಾಸ್ತರೇ, ನೀವೇ ಎಷ್ಟು ವರ್ಷ ಪಾಠ ಮಾಡಿರುತ್ತೀರಿ, "ರಾಜ್ಯನೀತಿ ನಿರ್ದೇಶಕ ತತ್ವಗಳನ್ನು ಯಾವ ದೇಶದಿಂದ ಎರವಲು ಪಡೆಯಲಾಗಿದೆ?" ಅಂತ. ಮಕ್ಕಳು ಎದ್ದು ನಿಂತು "ಐರ್ಲೆಂಡ್ ಸಾರ್" ಅಂದಿರುತ್ತಾರೆ. ಅವರ 1937ರ ಸಂವಿಧಾನದಿಂದ ಬಂದ ಆ ಭಾಗದಲ್ಲೇ ನಮ್ಮ 42 ಮತ್ತು 43ನೇ ವಿಧಿಗಳಿವೆ. ಕೆಲಸದ ಜಾಗ ಮನುಷ್ಯರು ಇರುವಂತಿರಬೇಕು, ಹೆರಿಗೆಗೆ ಅನುಕೂಲ ಸಿಗಬೇಕು, ದುಡಿದವನಿಗೆ ಬದುಕಲು ಸಾಕಾಗುವಷ್ಟು ಪಗಾರ ಸಿಗಬೇಕು ಅನ್ನುವುದೆಲ್ಲ ಅಲ್ಲಿದೆ. ರಾಜ್ಯಸಭೆಗೆ 12 ಜನರನ್ನು ನಾಮಕರಣ ಮಾಡುವ ಪದ್ಧತಿಯೂ ಅಲ್ಲಿಯದೇ. ಸಂಬಂಧ ನಾನು ಹುಡುಕಿದ್ದಲ್ಲ, ಮೊದಲೇ ಇತ್ತು.

ಪ್ರಶ್ನೆ: ಅವರ ಮೇಲ್ಮನೆ ನಮ್ಮ ಪರಿಷತ್ತಿನ ಹಾಗೇ ಇದೆಯಾ? ಹೆಸರನ್ನು ಹೇಗೆ ಓದಬೇಕು ಅಂತಾನೇ ಗೊತ್ತಾಗಲಿಲ್ಲ.
(ಪದವಿ ವಿದ್ಯಾರ್ಥಿನಿ, ಕಾರವಾರ)

ಉತ್ತರ: ಓದುವ ವಿಷಯದಲ್ಲಿ ನಿಮ್ಮ ತಪ್ಪಿಲ್ಲ. ಐರಿಶ್ ಭಾಷೆಯಲ್ಲಿ ಬರೆಯುವುದೇ ಒಂದು, ಹೇಳುವುದೇ ಇನ್ನೊಂದು. ಮೇಲ್ಮನೆಗೆ ಶ್ಯಾನಡ್ ಅನ್ನುತ್ತಾರೆ, ಪ್ರಧಾನಿಗೆ ಟೀಶಕ್. ಟೀಶಕ್ ಅನ್ನುವುದನ್ನು ಇಂಗ್ಲಿಷ್ ಅಕ್ಷರದಲ್ಲಿ ಮೊದಲ ಸಲ ನೋಡಿದಾಗ ನಾನು 'ತಾವೋಯಿಸೀಚ್' ಅಂತ ಓದಿದ್ದೆ, ಯಾರ ಮುಂದೂ ಗಟ್ಟಿಯಾಗಿ ಹೇಳಲಿಲ್ಲ ಅನ್ನುವುದೇ ಸಮಾಧಾನ.

ಅಲ್ಲಿ 60 ಸದಸ್ಯರು. 43 ಜನ ಐದು ವೃತ್ತಿ ಪಟ್ಟಿಗಳಿಂದ ಬರುತ್ತಾರೆ, ಅದರಲ್ಲಿ ಕಾರ್ಮಿಕ ಪಟ್ಟಿ ಅಂತಲೇ ಒಂದಿದೆ, ಅದಕ್ಕೆ 11 ಸ್ಥಾನ. ಇವರಿಗೆ ಮತ ಹಾಕುವವರು ಜನಪ್ರತಿನಿಧಿಗಳು, ಹೆಚ್ಚಿನವರು ನಮ್ಮ ನಗರಸಭೆ ಸದಸ್ಯರಂಥವರು. 11 ಜನರನ್ನು ಟೀಶಕ್ ನಾಮಕರಣ ಮಾಡುತ್ತಾರೆ. ಉಳಿದ 6 ಸ್ಥಾನ ವಿಶ್ವವಿದ್ಯಾಲಯದ ಪದವೀಧರರದ್ದು. ನಮ್ಮಲ್ಲಿ 75: ಶಾಸಕರಿಂದ 25, ಸ್ಥಳೀಯ ಸಂಸ್ಥೆಗಳಿಂದ 25, ಪದವೀಧರರಿಂದ 7, ಶಿಕ್ಷಕರಿಂದ 7, ನಾಮಕರಣ 11. ಕೊನೆಯ ಲೆಕ್ಕ ನೋಡಿ, ಅಲ್ಲೂ 11, ಇಲ್ಲೂ 11. ಅಧಿಕಾರವೂ ಅಷ್ಟಕ್ಕಷ್ಟೇ. ಕೆಳಮನೆ ಪಾಸು ಮಾಡಿದ ಸಾಮಾನ್ಯ ಮಸೂದೆಯನ್ನು ಅವರು 90 ದಿನ ತಡೆಯಬಹುದು, ನಮ್ಮವರು ಮೊದಲ ಸಲ ಮೂರು ತಿಂಗಳು. ಇಂಥ ಮನೆ ಬೇಡವೇ ಬೇಡ ಅಂತ 2013ರ ಅಕ್ಟೋಬರ್‌ನಲ್ಲಿ ಅಲ್ಲಿ ಜನಮತ ಕೇಳಿದರು. ಮತ ಹಾಕಿದವರಲ್ಲಿ ಶೇ 51.7 ಜನ 'ಇರಲಿ' ಅಂದರು. ಅಂದರೆ ಕೂದಲೆಳೆಯಲ್ಲಿ ಉಳಿಯಿತು.

ಬ್ಯಾಸಿಕ್ ಬಂದದ್ದು ಪದವೀಧರರ ಮತದಿಂದ. ಡಬ್ಲಿನ್‌ನ ಟ್ರಿನಿಟಿ ಕಾಲೇಜಿನಲ್ಲಿ ಕಾನೂನು ಕಲಿಸುತ್ತಿದ್ದವರು, 2007ರಿಂದ 2021ರವರೆಗೆ ಸೆನೆಟರ್. ಆಮೇಲೆ ಉಪಚುನಾವಣೆ ಗೆದ್ದು ಕೆಳಮನೆಗೆ ಹೋದರು, 2022ರಲ್ಲಿ ಲೇಬರ್ ಪಕ್ಷದ ನಾಯಕಿಯಾದರು. (ಅವರ ಅಜ್ಜ ಝೆಕ್ ದೇಶದಿಂದ ವಲಸೆ ಬಂದು 1947ರಲ್ಲಿ ವಾಟರ್‌ಫರ್ಡ್‌ನಲ್ಲಿ ಹೆಸರಾಂತ ಗಾಜಿನ ಕಾರ್ಖಾನೆ ಶುರು ಮಾಡಿದವರು. ಇದು ಉತ್ತರಕ್ಕೆ ಬೇಕಿರಲಿಲ್ಲ, ಗೊತ್ತಿತ್ತು ಅಂತ ಹೇಳಿದೆ.)

ಹಾಂ, ಇನ್ನೊಂದು. ನೀವು ಪದವಿ ಮುಗಿಸಿ ಮೂರು ವರ್ಷವಾದ ಮೇಲೆ ನಮ್ಮ ಪಶ್ಚಿಮ ಪದವೀಧರ ಕ್ಷೇತ್ರದ ಮತದಾರರಾಗಬಹುದು. ಧಾರವಾಡ, ಗದಗ, ಹಾವೇರಿ, ಉತ್ತರ ಕನ್ನಡ ಸೇರಿದ ಕ್ಷೇತ್ರ ಅದು. ಫಾರ್ಮ್ 18 ತುಂಬಬೇಕು. ವೋಟರ್ ಐಡಿ ಇದ್ದರೆ ಹೆಸರು ತಾನಾಗಿ ಸೇರುವುದಿಲ್ಲ, ಪ್ರತಿ ಚುನಾವಣೆಗೂ ಪಟ್ಟಿ ಹೊಸದಾಗಿ ಮಾಡುತ್ತಾರೆ. ನಮ್ಮ ಮನೆಯಲ್ಲೇ ಮೂರು ಪದವೀಧರರಿದ್ದಾರೆ, ಕಳೆದ ಸಲ ಫಾರ್ಮ್ ತುಂಬಿದ್ದು ನಾನೊಬ್ಬನೇ.

ಪ್ರಶ್ನೆ: ನಾನು ತಾಲೂಕು ವರದಿಗಾರ. ಸುದ್ದಿಗಿಷ್ಟು ಅಂತ ಕೊಡುತ್ತಾರೆ. ಎಂಟು ವರ್ಷದಿಂದ ರೇಟು ಅಷ್ಟೇ. ಕೇಳಿದರೆ "ನೀವು ನಮ್ಮ ನೌಕರರಲ್ಲ, ಸ್ವತಂತ್ರರು" ಅನ್ನುತ್ತಾರೆ. ನಿಮ್ಮ ಐರ್ಲೆಂಡಿನ ಕಾನೂನು ಇಂಥದ್ದಕ್ಕೇ ಅಂತ ಬರೆದಿದ್ದಿರಿ. ಸ್ವಲ್ಪ ಬಿಡಿಸಿ ಹೇಳಿ.
(ಹೆಸರು ಬೇಡ, ಅಂಕೋಲಾ)

ಉತ್ತರ: ಮಾರಾಯ್ರೆ, ನಿಮ್ಮ ಪತ್ರ ಓದಿ ನನಗೆ ನನ್ನ ಹಳೇ ಸ್ಕೇಲು ನೆನಪಾಯಿತು. ನಾನೂ ಮೂರು ವರ್ಷ ಒಂದು ಪತ್ರಿಕೆಗೆ ಇದೇ ಕೆಲಸ ಮಾಡಿದವನು. ನಮ್ಮದು ಕಾಲಂ ಸೆಂಟಿಮೀಟರ್ ಲೆಕ್ಕ. ತಿಂಗಳ ಕೊನೆಗೆ ಅಚ್ಚಾದ ಸುದ್ದಿಗಳನ್ನೆಲ್ಲ ಕತ್ತರಿಸಿ, ಬಿಳಿ ಹಾಳೆಗೆ ಅಂಟಿಸಿ, ಸ್ಕೇಲು ಇಟ್ಟು ಅಳೆದು, ಪಕ್ಕದಲ್ಲಿ ಪೆನ್ಸಿಲ್‌ನಲ್ಲಿ 11, 7, 4 ಅಂತ ಬರೆದು, ಕೂಡಿಸಿ, ಕವರಿಗೆ ಹಾಕಿ ರಾತ್ರಿ ಬಸ್ಸಿನ ಕಂಡಕ್ಟರ್ ಕೈಗೆ ಕೊಡಬೇಕು. ತಲೆಬರಹದ ಅಳತೆ ಸೇರಿಸಬೇಕೋ ಬೇಡವೋ ಅಂತ ಒಂದು ಸಲ ಫೋನಿನಲ್ಲಿ ಅರ್ಧ ಗಂಟೆ ವಾದವಾಯಿತು. ಬೇಡ ಅಂದರು. ಅಂದಿನಿಂದ ನಾನು ಕೊಟ್ಟ ತಲೆಬರಹಗಳೆಲ್ಲ ಚಿಕ್ಕವಾದವು, ಸುದ್ದಿ ಉದ್ದವಾಯಿತು. ದುಡ್ಡು ಮಾತ್ರ ಎರಡು ತಿಂಗಳು ತಡವಾಗಿಯೇ ಬರುತ್ತಿತ್ತು. ನೌಕರ ಅಂದರೆ ನೌಕರ ಅಲ್ಲ. ಸ್ವತಂತ್ರ ಅಂದರೆ, ಬೇರೆ ಪತ್ರಿಕೆಗೆ ಒಂದು ಸುದ್ದಿ ಕೊಟ್ಟರೆ ಮುಖ ಊದಿಸಿಕೊಳ್ಳುತ್ತಿದ್ದರು. ಇದೆಂಥ ಸ್ವಾತಂತ್ರ್ಯ?

ಐರ್ಲೆಂಡಿನಲ್ಲಿ ಆದದ್ದು ಹೀಗೆ. ಜಾಹೀರಾತಿಗೆ ದನಿ ಕೊಡುವ ಕಲಾವಿದರಿದ್ದರು. ಅವರ ಸಂಘ ಜಾಹೀರಾತು ಏಜೆನ್ಸಿಗಳ ಜೊತೆ ಕೂತು ಒಂದು ರೇಟು ಮಾಡಿಕೊಂಡಿತ್ತು, ಇಷ್ಟಕ್ಕಿಂತ ಕಡಿಮೆಗೆ ಯಾರೂ ದನಿ ಕೊಡುವುದಿಲ್ಲ ಅಂತ. 2004ರಲ್ಲಿ ಅಲ್ಲಿಯ ವ್ಯಾಪಾರ ಸ್ಪರ್ಧೆ ನೋಡಿಕೊಳ್ಳುವ ಪ್ರಾಧಿಕಾರ ಇದು ಕಾನೂನುಬಾಹಿರ ಅಂದಿತು. ಅವರ ತರ್ಕ ಏನಪ್ಪಾ ಅಂದರೆ, ನೀವು ಯಾರ ನೌಕರರೂ ಅಲ್ಲ, ಒಬ್ಬೊಬ್ಬರೂ ಒಂದೊಂದು ಅಂಗಡಿ ಇದ್ದ ಹಾಗೆ. ಅಂಗಡಿಯವರೆಲ್ಲ ಒಟ್ಟು ಸೇರಿ ಬೆಲೆ ನಿಗದಿ ಮಾಡಿದರೆ ಗಿರಾಕಿಗೆ ಮೋಸ, ಹಾಗೇ ಇದೂ ಮೋಸ. ಸಿಮೆಂಟ್ ಕಂಪನಿಗಳು ಸೇರಿ ಬೆಲೆ ಏರಿಸುವುದನ್ನು ತಡೆಯಲು ಮಾಡಿದ ಕಾನೂನು, ಮೈಕಿನ ಮುಂದೆ ನಿಂತು "ಬಿಳಿ ಬಟ್ಟೆಗೆ ಇನ್ನಷ್ಟು ಹೊಳಪು" ಅನ್ನುವವರ ಕುತ್ತಿಗೆಗೆ ಬಂತು. ಬಿಡಿ ಪತ್ರಕರ್ತರಿಗೂ, ರೆಕಾರ್ಡಿಂಗಿಗೆ ಹೋಗಿ ನುಡಿಸುವ ವಾದ್ಯದವರಿಗೂ ಅದೇ ಗತಿ. ಸಂಘ ಇದೆ, ಆದರೆ ಸಂಘವಾಗಿ ರೇಟಿನ ಮಾತಾಡುವ ಹಾಗಿಲ್ಲ.

ಹನ್ನೆರಡು ವರ್ಷ ಹೀಗೇ ನಡೆಯಿತು. 2016ರಲ್ಲಿ ಬ್ಯಾಸಿಕ್ ಸ್ಪರ್ಧಾ ಕಾನೂನಿಗೆ ತಿದ್ದುಪಡಿ ತರುವ ಖಾಸಗಿ ಮಸೂದೆಯನ್ನು (ಸರ್ಕಾರವಲ್ಲ, ಸದಸ್ಯರೇ ಸ್ವಂತವಾಗಿ ತರುವ ಮಸೂದೆ) ಶ್ಯಾನಡ್‌ನಲ್ಲಿ ಮಂಡಿಸಿದರು. ಅದು ಕಾನೂನಾಗುವ ಹೊತ್ತಿಗೆ ಅವರ ಪಕ್ಷ ಸರ್ಕಾರದಲ್ಲಿ ಇರಲಿಲ್ಲ. ಮಸೂದೆಗೆ ತಿದ್ದುಪಡಿಗಳಾದವು, ಒಂದಿಷ್ಟು ಮೊನಚೂ ಹೋಗಿರಬಹುದು, ಆದರೆ 2017ರಲ್ಲಿ ಕಾನೂನಾಯಿತು. ವಿರೋಧ ಪಕ್ಷದ ಮೇಲ್ಮನೆ ಸದಸ್ಯೆಯ ಖಾಸಗಿ ಮಸೂದೆ ಕಾನೂನಾಗುವುದು ಅಂದರೆ ನಮ್ಮ ಕಡೆ ಏಪ್ರಿಲ್‌ನಲ್ಲಿ ಏಡಿ ತುಂಬಿಕೊಂಡು ಬರುವಷ್ಟೇ ಅಪರೂಪ.

ಆ ಕಾನೂನಿನಲ್ಲಿ ನನಗೆ ಇಷ್ಟವಾದದ್ದು ಎರಡು ವ್ಯಾಖ್ಯೆ. ಒಂದು, ಹುಸಿ ಸ್ವಯಂ ಉದ್ಯೋಗಿ. ಮಾಡುವುದೆಲ್ಲ ನೌಕರನ ಕೆಲಸ, ಹೇಳಿದ ಹೊತ್ತಿಗೆ ಹೇಳಿದ ಹಾಗೆ ಮಾಡಬೇಕು, ಕಾಗದದಲ್ಲಿ ಮಾತ್ರ ಸ್ವತಂತ್ರ. ಇನ್ನೊಂದು, ಪೂರ್ತಿ ಅವಲಂಬಿತ ಸ್ವಯಂ ಉದ್ಯೋಗಿ. ಕಾಗದದಲ್ಲೂ ಸ್ವತಂತ್ರ, ನಿಜವಾಗಿಯೂ ಸ್ವತಂತ್ರ, ಆದರೆ ಅನ್ನ ಬರುವುದು ಒಂದೋ ಎರಡೋ ಕಡೆಯಿಂದ ಮಾತ್ರ. ದನಿ ಕಲಾವಿದರು, ವಾದ್ಯದವರು, ಬಿಡಿ ಪತ್ರಕರ್ತರು ಈ ಮೂರು ವರ್ಗದ ಹೆಸರನ್ನು ಕಾನೂನಿನಲ್ಲೇ ಬರೆದರು. ಉಳಿದವರ ಸಂಘಗಳು ಮಂತ್ರಿಗೆ ಅರ್ಜಿ ಹಾಕಿ "ನಾವೂ ಇದೇ ಸಾಲಿನವರು" ಅಂತ ತೋರಿಸಿಕೊಡಬೇಕು.

ನೀವು ಯಾವ ಸಾಲಿಗೆ ಬರುತ್ತೀರಿ ಅಂತ ನೋಡಿಕೊಳ್ಳಿ. ನಾನು ಮೊದಲನೆಯದಕ್ಕೆ ಬರುತ್ತಿದ್ದೆ ಅಂತ ಈಗ ಅನಿಸುತ್ತದೆ. ಆಗ ಅದಕ್ಕೊಂದು ಹೆಸರಿದೆ ಅಂತಲೇ ಗೊತ್ತಿರಲಿಲ್ಲ. ಈಗ ನೀವು ಮಾಡಬೇಕಾದ್ದು ಇಷ್ಟು: ಕಳಿಸಿದ ಸುದ್ದಿ, ಅಚ್ಚಾದ ದಿನ, ಬಂದ ದುಡ್ಡು, ಬಂದ ದಿನ ಎಲ್ಲ ಒಂದು ನೋಟ್‌ಬುಕ್ಕಿನಲ್ಲಿ ಬರೆದಿಡಿ. ಅವರು ಫೋನಿನಲ್ಲಿ "ಇವತ್ತು ಮೂರಕ್ಕೆ ಡೀಸಿ ಆಫೀಸಿಗೆ ಹೋಗಿ" ಅಂದರೆ ಅದನ್ನೂ. ಸ್ವತಂತ್ರ ಅನ್ನುವವನಿಗೆ ಎಷ್ಟು ಆದೇಶ ಬರುತ್ತದೆ ಅಂತ ಆರು ತಿಂಗಳಲ್ಲಿ ನಿಮಗೇ ಕಾಣುತ್ತದೆ, ನಾಳೆ ವಕೀಲರಿಗೂ ಕಾಣುತ್ತದೆ.

ಪ್ರಶ್ನೆ: ನಾನು ಯಕ್ಷಗಾನದ ಮದ್ದಳೆಗಾರ. ಮೇಳದಲ್ಲಿಲ್ಲ, ಕರೆದಲ್ಲಿ ಹೋಗುತ್ತೇನೆ. ಹಿಮ್ಮೇಳದವರೆಲ್ಲ ಸೇರಿ ಒಂದು ರಾತ್ರಿಗೆ ಇಷ್ಟು ಅಂತ ಹೇಳಿದರೆ ತಪ್ಪಾಗುತ್ತದಾ? ಕಲೆಗೆ ರೇಟು ಕಟ್ಟಿದ ಹಾಗೆ ಅನ್ನುತ್ತಾರೆ.
(ಹೊನ್ನಾವರ ತಾಲೂಕು)

ಉತ್ತರ: ಕಲೆಗೆ ರೇಟು ಕಟ್ಟಿದ ಹಾಗಲ್ಲ ಸ್ವಾಮಿ, ನಿದ್ದೆಗೆಟ್ಟ ರಾತ್ರಿಗೆ ರೇಟು ಕಟ್ಟಿದ ಹಾಗೆ. ಹಾಗೆ ಹೇಳುವವರು ಪೆಂಡಾಲಿನವನಿಗೆ, ಲೈಟಿನವನಿಗೆ, ಜನರೇಟರಿನವನಿಗೆ ಮೊದಲೇ ಅಡ್ವಾನ್ಸು ಕೊಟ್ಟಿರುತ್ತಾರೆ. ಅವರ್ಯಾರಿಗೂ ಕಲಾಸೇವೆ ಅಂದಿರುವುದಿಲ್ಲ.

ನಿಮಗೆ ಒಂದು ಸ್ವಾರಸ್ಯ ಹೇಳುತ್ತೇನೆ. ಮೇಲೆ ಹೇಳಿದ 'ಹುಸಿ ಸ್ವಯಂ ಉದ್ಯೋಗಿ' ಅನ್ನುವ ಮಾತಿಗೆ ಯುರೋಪಿನಲ್ಲಿ ಬಲ ಬಂದದ್ದೇ ನಿಮ್ಮಂಥವರಿಂದ. ನೆದರ್ಲೆಂಡ್ಸ್‌ನಲ್ಲಿ ದೊಡ್ಡ ವಾದ್ಯವೃಂದಗಳಲ್ಲಿ ಕಾಯಂ ವಾದಕರು ರಜೆ ಹಾಕಿದಾಗ ಬದಲಿಗೆ ಬಂದು ನುಡಿಸುವವರಿದ್ದರು. ಅವರಿಗೂ ಕನಿಷ್ಠ ಸಂಭಾವನೆ ಇರಬೇಕು ಅಂತ ಸಂಘ ಒಪ್ಪಂದ ಮಾಡಿಕೊಂಡಾಗ ಅದೇ ಸ್ಪರ್ಧಾ ಕಾನೂನಿನ ತಕರಾರು ಬಂತು. ಕೇಸು ಯುರೋಪಿನ ನ್ಯಾಯಾಲಯಕ್ಕೆ ಹೋಯಿತು. 2014ರ ಡಿಸೆಂಬರ್‌ನಲ್ಲಿ ನ್ಯಾಯಾಲಯ ಹೇಳಿದ್ದು: ಪಕ್ಕದಲ್ಲಿ ಕೂತ ಕಾಯಂ ವಾದಕನ ಹಾಗೆಯೇ ಇವನ ಸ್ಥಿತಿಯೂ ಇದ್ದರೆ ಇವನು ಹೆಸರಿಗೆ ಮಾತ್ರ ಸ್ವತಂತ್ರ, ಇವನ ಪರವಾಗಿ ಸಂಘ ಒಪ್ಪಂದ ಮಾಡಿಕೊಳ್ಳಬಹುದು. ಅತಿಥಿಯಾಗಿ ಹೋಗಿ ಮೇಳದ ಭಾಗವತರ ಪಕ್ಕ ಕೂತು ಬೆಳಗಾಗುವವರೆಗೆ ಬಾರಿಸಿದವರಿಗೆ ಇದನ್ನು ಬಿಡಿಸಿ ಹೇಳಬೇಕಾ?

ಇಲ್ಲಿಯ ಲೆಕ್ಕಕ್ಕೆ, ಏಳು ಜನ ಸೇರಿದರೆ ಕಾರ್ಮಿಕ ಸಂಘದ ನೋಂದಣಿಗೆ ಅರ್ಜಿ ಹಾಕಬಹುದು. ಚೆಂಡೆ, ಮದ್ದಳೆ, ಭಾಗವತಿಕೆ ಸೇರಿದರೆ ನಿಮ್ಮ ತಾಲೂಕಿನಲ್ಲೇ ಏಳಲ್ಲ, ಎಪ್ಪತ್ತು ಸಿಗುತ್ತಾರೆ. ಒಟ್ಟಿಗೆ ಕೂರಿಸುವುದು ಮಾತ್ರ ಕಷ್ಟ, ಅದು ನನಗೂ ಗೊತ್ತು. ಮಳೆಗಾಲದಲ್ಲಿ ಪ್ರಯತ್ನ ಮಾಡಿ, ಆಗ ಎಲ್ಲರೂ ಮನೆಯಲ್ಲಿರುತ್ತಾರೆ.

ಪ್ರಶ್ನೆ: ಹೊಟೇಲಿನಲ್ಲಿ ಸಪ್ಲೈಯರ್ ಆಗಿದ್ದೇನೆ. ಮೊದಲು ತಟ್ಟೆಯಲ್ಲಿ ಹತ್ತು ಇಪ್ಪತ್ತು ಇಟ್ಟು ಹೋಗುತ್ತಿದ್ದರು. ಈಗ ಎಲ್ಲರೂ ಫೋನಿನಲ್ಲಿ ಹಾಕುತ್ತಾರೆ, ಅದು ಸೇಠ್ ಖಾತೆಗೆ ಹೋಗುತ್ತದೆ. ಕೇಳುವ ಧೈರ್ಯ ಇಲ್ಲ.
(ಕುಮಟಾ)

ಉತ್ತರ: ಈ ಪತ್ರ ಬಂದ ಮಾರನೇ ದಿನ ಕಾರವಾರದಲ್ಲಿ ಮೀನೂಟಕ್ಕೆ ಹೋಗಿದ್ದೆ. ನೂರಾ ಅರವತ್ತು ಬಿಲ್ಲು. ಬಡಿಸಿದ ಹುಡುಗ ಕೇಳದೇನೇ ಎರಡು ಸಲ ಸೋಲ್‌ಕಡಿ ತಂದಿಟ್ಟಿದ್ದ. ಕಿಸೆಯಲ್ಲಿ ಚಿಲ್ಲರೆ ಇರಲಿಲ್ಲ, ಟೇಬಲ್ಲಿನ ಮೇಲಿದ್ದ ಕ್ಯೂಆರ್ ಕೋಡಿಗೆ ನೂರಾ ಎಂಬತ್ತು ಹಾಕಿದೆ. ಗಲ್ಲಾದ ಪಕ್ಕದ ಡಬ್ಬಿ ಇಡೀ ಹೊಟೇಲಿಗೆ ಕೇಳುವ ಹಾಗೆ "ನೂರಾ ಎಂಬತ್ತು ರೂಪಾಯಿ ಸ್ವೀಕರಿಸಲಾಗಿದೆ" ಅಂತ ಕೂಗಿತು. ಹುಡುಗ ನನ್ನ ಕಡೆ ನೋಡಿ ನಕ್ಕ. ಗಲ್ಲಾದ ಮೇಲಿದ್ದವರು ತಲೆಯನ್ನೇ ಎತ್ತಲಿಲ್ಲ. ಆ ಇಪ್ಪತ್ತು ರೂಪಾಯಿ ಎಲ್ಲಿ ಹೋಯಿತು ಅಂತ ನಿಮ್ಮ ಪತ್ರ ಓದಿರದಿದ್ದರೆ ನಾನೂ ಯೋಚನೆ ಮಾಡುತ್ತಿರಲಿಲ್ಲ.

ಇದೇ ವಿಷಯ ಹಿಡಿದುಕೊಂಡವರು ಇನ್ನೊಬ್ಬ ಐರಿಶ್ ಸೆನೆಟರ್, ಪಾಲ್ ಗ್ಯಾವನ್. ಶಿನ್ ಫೇನ್ ಪಕ್ಷದವರು. ರಾಜಕೀಯಕ್ಕೆ ಬರುವ ಮೊದಲು ಸಿಪ್ಟು ಅನ್ನುವ ದೊಡ್ಡ ಕಾರ್ಮಿಕ ಸಂಘದಲ್ಲಿ ಕೆಲಸ ಮಾಡುತ್ತಿದ್ದರು. 2017ರಲ್ಲಿ ಅವರು ಟಿಪ್ಸು ಕೆಲಸಗಾರರದ್ದೇ ಅಂತ ಹೇಳುವ ಖಾಸಗಿ ಮಸೂದೆ ತಂದರು. ಮಸೂದೆ ಕಾನೂನಾಗಲಿಲ್ಲ. ಆದರೆ ವಿಷಯ ಸಾಯಲಿಲ್ಲ, ಕೊನೆಗೆ ಸರ್ಕಾರವೇ ತನ್ನದೊಂದು ಮಸೂದೆ ತಂದು 2022ರ ಡಿಸೆಂಬರ್ 1ರಿಂದ ಜಾರಿ ಮಾಡಿತು. ಬೇರೆಯವರು ನೆಟ್ಟ ಗಿಡಕ್ಕೆ ಸರ್ಕಾರ ತನ್ನ ಬೋರ್ಡು ಹಾಕುವುದು ಎಲ್ಲ ದೇಶದಲ್ಲೂ ಇದ್ದದ್ದೇ, ಅಲ್ವಾ?

ಈಗ ಅಲ್ಲಿ ಕಾರ್ಡಿನಲ್ಲೋ ಫೋನಿನಲ್ಲೋ ಬಂದ ಟಿಪ್ಸನ್ನು ಮಾಲೀಕ ಕೆಲಸಗಾರರಿಗೆ ನ್ಯಾಯವಾಗಿ ಹಂಚಲೇಬೇಕು. ಅದನ್ನು ಪಗಾರಕ್ಕೆ ಸೇರಿಸಿ "ಪಗಾರ ಕೊಟ್ಟೆ" ಅನ್ನುವ ಹಾಗಿಲ್ಲ. ಟಿಪ್ಸು ಹೇಗೆ ಹಂಚುತ್ತೇವೆ ಅಂತ ಗಿರಾಕಿಗೆ ಕಾಣುವ ಕಡೆ ಬರೆದು ಹಾಕಬೇಕು. ನೋಟಿನಲ್ಲಿ ಕೊಟ್ಟದ್ದರ ಬಗ್ಗೆ ಕಾನೂನು ಅಷ್ಟು ಬಿಗಿಯಾಗಿಲ್ಲ. ಅದು ಹೇಗೂ ಕೈಯಿಂದ ಕೈಗೆ ಹೋಗುತ್ತದೆ.

ನಮ್ಮಲ್ಲಿ ಟಿಪ್ಸಿಗೇ ಅಂತ ಇಂಥ ಕಾನೂನಿಲ್ಲ. ಬಿಲ್ಲಿಗೆ ಸರ್ವಿಸ್ ಚಾರ್ಜ್ ತಾನಾಗಿ ಸೇರಿಸಬಾರದು ಅಂತ 2022ರಲ್ಲಿ ಗ್ರಾಹಕ ರಕ್ಷಣಾ ಪ್ರಾಧಿಕಾರ ಹೇಳಿತು, 2025ರ ಮಾರ್ಚ್‌ನಲ್ಲಿ ದೆಹಲಿ ಹೈಕೋರ್ಟ್ ಅದನ್ನು ಎತ್ತಿಹಿಡಿಯಿತು. ಅದು ತಿನ್ನುವವರಿಗೆ ಸಿಕ್ಕ ರಕ್ಷಣೆ, ಬಡಿಸುವವರಿಗಲ್ಲ. ನಿಮ್ಮ ಧೈರ್ಯದ ವಿಷಯಕ್ಕೆ ಬಂದರೆ, ಒಬ್ಬರೇ ಕೇಳಬೇಡಿ. ಅಡುಗೆಯವರು, ಪಾತ್ರೆ ತೊಳೆಯುವವರು ಎಲ್ಲ ಸೇರಿ, ಸೇಠರು ಖುಷಿಯಲ್ಲಿರುವ ಒಂದು ದಿನ ನೋಡಿ, "ಟಿಪ್ಸಿಗೆ ಬೇರೆ ಕ್ಯೂಆರ್ ಇಡೋಣ್ವಾ ಸೇಠ್, ನಿಮ್ಮ ಲೆಕ್ಕವೂ ಗೋಜಲಾಗುವುದಿಲ್ಲ" ಅನ್ನಿ. ಹೀಗೆ ಅವರ ಲೆಕ್ಕದ ಅನುಕೂಲದಿಂದ ಶುರು ಮಾಡಿದರೆ ಜಗಳ ಕಡಿಮೆ. ಓದುಗರಿಗೂ ಒಂದು ಮಾತು: ಇಪ್ಪತ್ತರ ಒಂದು ನೋಟು ಕಿಸೆಯಲ್ಲಿ ಇಟ್ಟುಕೊಂಡು ಹೋಗಿ. ನಾನು ಈಗ ಹಾಗೇ ಮಾಡುತ್ತೇನೆ.

ಪ್ರಶ್ನೆ: ಗೇರು ಫ್ಯಾಕ್ಟರಿಯಲ್ಲಿ ಕೆಲಸ. ಜ್ವರ ಬಂದು ನಾಲ್ಕು ದಿನ ಹೋಗದಿದ್ದರೆ ನಾಲ್ಕು ದಿನದ ದುಡ್ಡೂ ಇಲ್ಲ. ಆ ದೇಶದಲ್ಲಿ ಕೊಡುತ್ತಾರಾ?
(ಒಬ್ಬ ತಾಯಿ, ಮಗಳ ಕೈಯಲ್ಲಿ ಬರೆಸಿದ್ದು)

ಉತ್ತರ: ಅಕ್ಕಾ, ಅಲ್ಲೂ ಮೊನ್ನೆ ಮೊನ್ನೆವರೆಗೆ ಖಾಸಗಿಯವರು ಕೊಡಲೇಬೇಕು ಅಂತ ಕಾನೂನು ಇರಲಿಲ್ಲ. ಕೊರೊನಾ ಬಂದಾಗ ಮಾಂಸದ ಕಾರ್ಖಾನೆಗಳಲ್ಲಿ ಸೋಂಕು ಜೋರಾಗಿ ಹರಡಿತು. ರಜೆ ಹಾಕಿದರೆ ದುಡ್ಡಿಲ್ಲ ಅಂತ ಜನ ಹುಷಾರಿಲ್ಲದಿದ್ದರೂ ಕೆಲಸಕ್ಕೆ ಬರುತ್ತಿದ್ದದ್ದೂ ಆಗ ಬೆಳಕಿಗೆ ಬಂತು. 2020ರಲ್ಲಿ ಲೇಬರ್ ಪಕ್ಷದವರು ಮಸೂದೆ ತಂದರು, ಸರ್ಕಾರ ಆಮೇಲೆ ನೋಡೋಣ ಅಂದಿತು. 2023ರ ಜನವರಿಯಿಂದ ವರ್ಷಕ್ಕೆ 3 ದಿನ, 2024ರಿಂದ 5 ದಿನ ಸಿಗುತ್ತಿದೆ. ದಿನದ ಪಗಾರದ ಶೇ 70, ಜಾಸ್ತಿ ಅಂದರೆ 110 ಯೂರೋ. ಹತ್ತು ದಿನ ಮಾಡುತ್ತೇವೆ ಅಂದಿದ್ದರು, 2025ರಲ್ಲಿ ಐದಕ್ಕೇ ನಿಲ್ಲಿಸಿದರು.

ಆದರೆ ನಿಮ್ಮ ಪ್ರಶ್ನೆಗೆ ಉತ್ತರ ಐರ್ಲೆಂಡಿನಲ್ಲಿಲ್ಲ, ನಿಮ್ಮ ಪಗಾರ ಚೀಟಿಯಲ್ಲಿರಬಹುದು. ಇಎಸ್‌ಐ (ಕಾರ್ಮಿಕರ ರಾಜ್ಯ ವಿಮೆ) ಅಂತ ಏನಾದರೂ ಕತ್ತರಿಸುತ್ತಾರಾ ನೋಡಿ, ಪಗಾರದ ಶೇ 0.75 ಇರುತ್ತದೆ. ಮಾಲೀಕರು ಶೇ 3.25 ಹಾಕಬೇಕು. ಹತ್ತು ಮತ್ತು ಅದಕ್ಕಿಂತ ಜಾಸ್ತಿ ಜನ ಇರುವ ಕಾರ್ಖಾನೆ, ತಿಂಗಳಿಗೆ 21,000 ರೂಪಾಯಿ ಒಳಗಿನ ಪಗಾರ ಆದರೆ ಇದು ಅನ್ವಯ. ಆರು ತಿಂಗಳ ಲೆಕ್ಕದ ಅವಧಿಯಲ್ಲಿ 78 ದಿನ ಕಂತು ಹೋಗಿದ್ದರೆ, ಡಾಕ್ಟರ ಸರ್ಟಿಫಿಕೇಟಿನ ಮೇಲೆ ಶೇ 70ರ ಲೆಕ್ಕದಲ್ಲಿ ವರ್ಷಕ್ಕೆ 91 ದಿನದವರೆಗೆ ಸಿಗುತ್ತದೆ. ಐದು ದಿನ ಅಲ್ಲ, ತೊಂಬತ್ತೊಂದು! ಕಾಗದದ ಮೇಲೆ ನಾವು ಅವರಿಗಿಂತ ಎಷ್ಟೋ ಮುಂದಿದ್ದೇವೆ. ಕತ್ತರಿಸುತ್ತಲೇ ಇಲ್ಲ ಅಂದರೆ ಮಗಳಿಂದ ಇನ್ನೊಂದು ಪತ್ರ ಬರೆಸಿ, ಮುಂದೇನು ಮಾಡಬೇಕು ಅಂತ ಹೇಳುತ್ತೇನೆ.

ಪ್ರಶ್ನೆ: ಲೇಬರ್ ಪಾರ್ಟಿಯವರು ನಿಮಗೆ ಎಷ್ಟು ಕೊಟ್ಟರು?
(ಅಂಗಡಿ ಮಾಲೀಕರು, ಭಟ್ಕಳ)

ಉತ್ತರ: ನೋಟಿನಲ್ಲೂ ಇಲ್ಲ, ಕ್ಯೂಆರ್‌ನಲ್ಲೂ ಇಲ್ಲ. ಅವರು ಸೋತದ್ದನ್ನೂ ಬರೆಯುತ್ತೇನೆ ಬೇಕಾದರೆ. ಗರ್ಭಪಾತವಾದ ಹೆಣ್ಣುಮಕ್ಕಳಿಗೆ 20 ದಿನದವರೆಗೆ ಪಗಾರದ ರಜೆ ಕೊಡಬೇಕು ಅಂತ 2021ರಲ್ಲಿ ಬ್ಯಾಸಿಕ್ ಮತ್ತು ಅವರ ಜೊತೆಯ ಸೆನೆಟರುಗಳು ಮಸೂದೆ ತಂದರು. ಅದರ ಹಿಂದೆ ಪ್ರಾಥಮಿಕ ಶಾಲೆಯ ಶಿಕ್ಷಕರ ಸಂಘ ಇತ್ತು. ಮಸೂದೆ ಕಾನೂನಾಗಲಿಲ್ಲ. ನಮ್ಮಲ್ಲಿ 1961ರ ಹೆರಿಗೆ ಸೌಲಭ್ಯ ಕಾಯ್ದೆಯಲ್ಲೇ ಗರ್ಭಪಾತಕ್ಕೆ ಆರು ವಾರದ ಪಗಾರದ ರಜೆ ಬರೆದಿದ್ದರು. ನಿಮಗೆ ಗೊತ್ತಿತ್ತಾ? ನಿಮ್ಮ ಅಂಗಡಿಯಲ್ಲಿ ಕೆಲಸ ಮಾಡುವ ಹೆಣ್ಣುಮಕ್ಕಳಿಗೆ ಗೊತ್ತಿದೆಯಾ?

ಪ್ರಶ್ನೆ: ಕಾರ್ಮಿಕರ ವಿಷಯ ಸರಿ. ಆಸ್ಪತ್ರೆ ವಿಷಯಕ್ಕೆ ಸೆನೆಟರ್ ಏನು ಮಾಡಿಯಾರು? ನಮ್ಮ ಜಿಲ್ಲೆಯಲ್ಲಿ ಏನಾದರೂ ದೊಡ್ಡದು ಆದರೆ ಗೋವಾ, ಮಣಿಪಾಲ, ಹುಬ್ಬಳ್ಳಿ. ಇನ್ನೂ ಎಷ್ಟು ವರ್ಷ?
(ಸದಾಶಿವಗಡ)

ಉತ್ತರ: ಎಷ್ಟು ವರ್ಷ ಅಂತ ಹೇಳುವ ಶಕ್ತಿ ನನಗಿಲ್ಲ. 12 ತಾಲೂಕಿನ ಜಿಲ್ಲೆ ಇದು, ಅರ್ಧ ಘಟ್ಟದ ಮೇಲೆ, ಅರ್ಧ ಕೆಳಗೆ. 2024ರ ಜುಲೈನಲ್ಲಿ ಶಿರೂರಿನಲ್ಲಿ ಗುಡ್ಡ ಕುಸಿದು ಹೆದ್ದಾರಿ ಬಂದ್ ಆದಾಗ, ಮುಂದಿನ ತಿಂಗಳು ನಿಮ್ಮ ಮನೆ ಎದುರೇ ಕಾಳಿಯ ಹಳೇ ಸೇತುವೆ ಬಿದ್ದಾಗ, ನಮ್ಮ ಆಸ್ಪತ್ರೆ ಅಂದರೆ ಅದು ಒಂದು ರಸ್ತೆ ಅಂತ ಎಲ್ಲರಿಗೂ ಅರ್ಥವಾಯಿತು.

ಐರ್ಲೆಂಡಿನ ಪಶ್ಚಿಮ ಭಾಗದಲ್ಲೂ ಇಂಥದ್ದೇ ಒಂದು ನೋವಿದೆ. ಎನ್ನಿಸ್ ಮತ್ತು ನೀನಾ ಅಂತ ಎರಡು ಊರು. (ನೀನಾ ಅಂದರೆ ಊರಿನ ಹೆಸರೇ, ನಿಮ್ಮನ್ನು ಕೇಳುತ್ತಿಲ್ಲ.) 2009ರಲ್ಲಿ ಅಲ್ಲಿಯ ಆಸ್ಪತ್ರೆಗಳ ಇಪ್ಪತ್ನಾಲ್ಕು ಗಂಟೆಯ ತುರ್ತು ವಿಭಾಗ ಮುಚ್ಚಿ, ಎಲ್ಲವನ್ನೂ ಸುಮಾರು 40 ಕಿ.ಮೀ. ದೂರದ ಲಿಮ್ರಿಕ್‌ನ ದೊಡ್ಡ ಆಸ್ಪತ್ರೆಗೆ ಸೇರಿಸಿದರು. ಒಂದೇ ಕಡೆ ಒಳ್ಳೆಯ ಸೌಲಭ್ಯ ಸಿಗಲಿ ಅನ್ನುವುದು ಲೆಕ್ಕಾಚಾರ. ರೋಗಿಗಳು ಬಂದರು, ಹಾಸಿಗೆ ಅಷ್ಟು ಬರಲಿಲ್ಲ. ಸ್ಟ್ರೆಚರಿನ ಮೇಲೆ ಕಾರಿಡಾರಿನಲ್ಲಿ ಮಲಗುವವರ ಸಂಖ್ಯೆಯಲ್ಲಿ ಲಿಮ್ರಿಕ್ ವರ್ಷ ವರ್ಷವೂ ದೇಶಕ್ಕೆ ಮೊದಲು.

ಮೊದಲು ಅಂತ ಹೇಗೆ ಗೊತ್ತು? ಎಣಿಸುವವರಿದ್ದಾರೆ. ನರ್ಸುಗಳ ಸಂಘ ಪ್ರತಿದಿನ ಬೆಳಿಗ್ಗೆ ಒಂದೊಂದು ಆಸ್ಪತ್ರೆಯಲ್ಲೂ ಹಾಸಿಗೆ ಸಿಗದೆ ಸ್ಟ್ರೆಚರಿನ ಮೇಲಿರುವವರನ್ನು ಎಣಿಸಿ, ಆ ಸಂಖ್ಯೆಯನ್ನು ಎಲ್ಲರಿಗೂ ಹೇಳುತ್ತದೆ. ಅದಷ್ಟೇ ಅವರ ಅಸ್ತ್ರ. ಸೆನೆಟರಿಗೆ ಇನ್ನೊಂದು ಅಸ್ತ್ರವಿದೆ: ಶ್ಯಾನಡ್‌ನಲ್ಲಿ ದಿನದ ಕಲಾಪದ ಶುರುವಿನಲ್ಲೇ ಕೆಲವು ಸದಸ್ಯರು ತಮ್ಮ ಊರಿನ ಒಂದು ವಿಷಯ ಎತ್ತಬಹುದು, ಮಂತ್ರಿಯೊಬ್ಬರು ಬಂದು ಉತ್ತರ ಹೇಳಬೇಕು, ಅದು ದಾಖಲೆಗೆ ಹೋಗುತ್ತದೆ. ಬಸ್ಸು ಬರುತ್ತಿಲ್ಲ, ಶಾಲೆಗೆ ಕಟ್ಟಡವಿಲ್ಲ, ಆಸ್ಪತ್ರೆಯಲ್ಲಿ ಹಾಸಿಗೆಯಿಲ್ಲ, ಇಂಥವೇ. ನಮ್ಮ ಪರಿಷತ್ತಿನ ಚುಕ್ಕೆ ಗುರುತಿನ ಪ್ರಶ್ನೆ, ಗಮನ ಸೆಳೆಯುವ ಸೂಚನೆ ಇದ್ದ ಹಾಗೆ. "ಪರಿಸ್ಥಿತಿ ಗಂಭೀರವಾಗಿದೆ" ಅಂದರೆ ಮಂತ್ರಿ "ಪರಿಶೀಲಿಸಲಾಗುವುದು" ಅನ್ನುತ್ತಾರೆ. "ಇವತ್ತು ಬೆಳಿಗ್ಗೆ ಇಷ್ಟು ಜನ" ಅಂದರೆ ಅಷ್ಟು ಸುಲಭಕ್ಕೆ ತಪ್ಪಿಸಿಕೊಳ್ಳಲಾಗುವುದಿಲ್ಲ.

ಜಿಲ್ಲೆಗೊಂದು ದೊಡ್ಡ ಆಸ್ಪತ್ರೆ ಬೇಕು ಅಂತ ನಮ್ಮಲ್ಲಿ 2019ರಿಂದ ಹ್ಯಾಷ್‌ಟ್ಯಾಗ್ ಆಯಿತು, ಮೆರವಣಿಗೆ ಆಯಿತು, ಎಲ್ಲ ಪಕ್ಷದವರೂ ಮಾತು ಕೊಟ್ಟರು. ಆದರೆ ಒಂದು ತಿಂಗಳಲ್ಲಿ ಈ ಜಿಲ್ಲೆಯಿಂದ ಎಷ್ಟು ಜನರನ್ನು ಹೊರಗೆ ಕಳಿಸಿದರು, ಯಾವ ತಾಲೂಕಿನಿಂದ, ಯಾವ ಕಾಯಿಲೆಗೆ, ದಾರಿಯಲ್ಲಿ ಎಷ್ಟು ಹೊತ್ತಾಯಿತು ಅಂತ ನಾವು ಯಾರಾದರೂ ತಿಂಗಳು ತಿಂಗಳು ಎಣಿಸಿ ಬೋರ್ಡಿಗೆ ಬರೆದದ್ದು ನೋಡಿದ್ದೀರಾ? ಮಾಹಿತಿ ಹಕ್ಕಿನಲ್ಲಿ ಕೇಳಬಹುದು, ಹತ್ತು ರೂಪಾಯಿ ಶುಲ್ಕ, 30 ದಿನದೊಳಗೆ ಉತ್ತರ. ಯಾರಾದರೂ ನಾಲ್ಕು ಜನ ತಾಲೂಕಿಗೊಬ್ಬರಂತೆ ಶುರು ಮಾಡುವುದಾದರೆ ಬಂದ ಅಂಕಿಯನ್ನು ಪ್ರತಿ ತಿಂಗಳು ಈ ಪುಟದಲ್ಲೇ ಹಾಕುತ್ತೇನೆ. ಸಂಪಾದಕರನ್ನು ಕೇಳಿದ್ದೇನೆ, ಒಪ್ಪಿದ್ದಾರೆ.

ಪ್ರಶ್ನೆ: ಮಗಳು ನರ್ಸ್. ಡಬ್ಲಿನ್‌ಗೆ ಹೊರಟಿದ್ದಾಳೆ. ನಿಮ್ಮ ಬರಹ ನೋಡಿ ಕೇಳೋಣ ಅನಿಸಿತು. ಅಲ್ಲಿ ಮೋಸ ಆದರೆ ಯಾರಿಗೆ ಹೇಳಬೇಕು? ಜೊತೆಗೆ ಏನು ಕಟ್ಟಿಕೊಡಬಹುದು?
(ಒಬ್ಬ ತಾಯಿ, ಕುಮಟಾ ತಾಲೂಕು)

ಉತ್ತರ: ಶುಭವಾಗಲಿ ಅಮ್ಮ. ಕೆಲಸಕ್ಕೆ ಸೇರಿದ ಐದು ದಿನದೊಳಗೆ ಪಗಾರ, ಕೆಲಸದ ಅವಧಿಯಂಥ ಮುಖ್ಯ ಷರತ್ತುಗಳನ್ನು ಬರವಣಿಗೆಯಲ್ಲಿ ಕೊಡಬೇಕು ಅಂತ ಅಲ್ಲಿಯ ಕಾನೂನಿದೆ. ಕೇಳಿ ತೆಗೆದುಕೊಳ್ಳಲು ಹೇಳಿ, ನಾಚಿಕೆ ಬೇಡ. ತಕರಾರು ಇದ್ದರೆ ವರ್ಕ್‌ಪ್ಲೇಸ್ ರಿಲೇಷನ್ಸ್ ಕಮಿಷನ್ ಅಂತ ಒಂದು ಕಚೇರಿ ಇದೆ, ಸಾಮಾನ್ಯವಾಗಿ ಆರು ತಿಂಗಳೊಳಗೆ ದೂರು ಕೊಡಬೇಕು. ಕೆಲಸದ ಪರ್ಮಿಟ್ ಕೊಟ್ಟ ಮಾಲೀಕರ ಕಡೆಯೇ ಕಾಯಂ ಅಂಟಿಕೊಂಡಿರಬೇಕು ಅಂತಿಲ್ಲ. 2024ರ ಹೊಸ ನಿಯಮದಂತೆ ಒಂಬತ್ತು ತಿಂಗಳಾದ ಮೇಲೆ ಬೇರೆ ಕಡೆ ಬದಲಾಯಿಸಿಕೊಳ್ಳುವ ದಾರಿಯಿದೆ. ಮತ್ತೆ, ಮೇಲೆ ಹೇಳಿದ ಆ ಎಣಿಸುವ ನರ್ಸುಗಳ ಸಂಘಕ್ಕೆ ಮೊದಲ ತಿಂಗಳೇ ಸೇರಿಕೊಳ್ಳಲಿ.

ಕಟ್ಟಿಕೊಡುವ ವಿಷಯ. ತುಪ್ಪ, ಪೇಡೆ ಬೇಡ, ಹಾಲಿನ ಪದಾರ್ಥವನ್ನೂ ಮಾಂಸವನ್ನೂ ಹೊರಗಿನ ದೇಶದಿಂದ ತರಲು ಯುರೋಪಿನವರು ಬಿಡುವುದಿಲ್ಲ, ವಿಮಾನ ನಿಲ್ದಾಣದಲ್ಲೇ ತೆಗೆದು ಬಿಸಾಕುತ್ತಾರೆ. ಮೀನಿಗೆ ಮಾತ್ರ ಅವರದ್ದು ದೊಡ್ಡ ಮನಸ್ಸು, ಸ್ವಂತ ಬಳಕೆಗೆ 20 ಕಿಲೋವರೆಗೆ ಒಯ್ಯಬಹುದು. ಒಣ ಸಿಗಡಿ ಚೆನ್ನಾಗಿ ಹುರಿದು, ಎರಡು ಪ್ಲಾಸ್ಟಿಕ್ ಚೀಲದಲ್ಲಿ ಬಿಗಿಯಾಗಿ ಕಟ್ಟಿಕೊಡಿ. ಬಟ್ಟೆಗಳ ನಡುವೆ ಇಡಬೇಡಿ, ಬೇರೆ ಡಬ್ಬಿಯಲ್ಲಿಡಿ. ಯೂನಿಫಾರ್ಮ್‌ಗೆ ವಾಸನೆ ಹಿಡಿದರೆ ಮೊದಲ ದಿನವೇ ವಾರ್ಡಿನವರಿಗೆಲ್ಲ ಕುಮಟಾದ ಪರಿಚಯವಾಗಿಬಿಡುತ್ತದೆ.